ಲೂಯಿಸ್ ಹಾಡಿದ ಹಾಗೆಯೇ

ಇಲ್ಫರ್ಡ್, ಲಂಡನ್
9 ನವೆಂಬರ್ 2025

ಪ್ರೀತಿಯ ಅಂಬುಜಾ,

ಹೇಗಿದ್ದೀ? ಮೊಣಕಾಲು ಈಗ ಮೆಟ್ಟಿಲು ಹತ್ತಲು ಬಿಡುತ್ತದೆಯಾ? ಈಸ್ಟರಿಗೆ ಮೊದಲು ಬಂದ ನಿನ್ನ ಕಾಗದಕ್ಕೆ, ಸಂಜೆಯಾಗುವ ಮೊದಲೇ ಕತ್ತಲಾಗುವ ಈ ನವೆಂಬರಿನಲ್ಲಿ ಉತ್ತರ ಬರೆಯಲು ಕೂತಿದ್ದೇನೆ. ಬೈಯಬೇಕೆಂದಿದ್ದರೆ ಮೊದಲೇ ಬೈದು ಮುಗಿಸು, ಆಮೇಲೆ ಮುಂದೆ ಓದು. ನಡುವೆ ನೀನು ವಾಟ್ಸಾಪಿನಲ್ಲಿ ಕಳಿಸಿದ ಹೂವಿನ ಚಿತ್ರಗಳಿಗೆಲ್ಲ ಹೆಬ್ಬೆರಳು ತೋರಿಸಿ ತಪ್ಪಿಸಿಕೊಂಡೆ. ಆದರೆ ಈ ವಿಷಯ ಹೆಬ್ಬೆರಳಿನಲ್ಲಿ ಹೇಳುವಂಥದ್ದಲ್ಲ. ನರ್ಸಿಂಗ್ ಹಾಸ್ಟೆಲ್ ಬಿಟ್ಟ ದಿನದಿಂದ ನನ್ನದೊಂದು ಅಭ್ಯಾಸ ನಿನಗೆ ಗೊತ್ತೇ ಉಂಟು. ಜೀವನದಲ್ಲಿ ದೊಡ್ಡದೇನಾದರೂ ಆದರೆ, ಅದನ್ನು ನಿನಗೆ ಕಾಗದದಲ್ಲಿ ಬರೆದ ಮೇಲೆಯೇ ಅದು ನಿಜವಾಗಿ ಆಯಿತು ಎಂದು ನನಗೆ ಅನಿಸುವುದು. ಇದು ನಿಜವಾಗುವುದು ನನಗೆ ಸ್ವಲ್ಪ ಕಾಲ ಬೇಡವಾಗಿತ್ತೋ ಏನೋ.

ಮೊದಲು ಒಳ್ಳೆಯ ಸುದ್ದಿ. ಲೂಯಿಸರ ಗಂಟಲಿನ ಗಂಟು ಕೆಟ್ಟದ್ದಲ್ಲ ಎಂದು ಡಾಕ್ಟರು ಈಗ ಖಂಡಿತವಾಗಿ ಹೇಳಿದ್ದಾರೆ. ಮಾತು ಮೊದಲಿನ ಹಾಗೇ ಉಂಟು, ಜಗಳಕ್ಕೂ ಏನೂ ತೊಂದರೆ ಇಲ್ಲ. ಆದರೆ ಆಪರೇಷನ್ ಆದ ಮೇಲೆ ಹಾಡುವಾಗ ಮೇಲಿನ ಸ್ವರ ಏರುವುದಿಲ್ಲ. ಕೆಲಸದಿಂದ ನಿವೃತ್ತಿ ಆದಾಗ ಸುಮ್ಮನಿದ್ದ ನನ್ನ ಗಂಡ ಇದಕ್ಕೆ ಮಾತ್ರ ಅತ್ತರು. ಮಗ ಶೇನ್ ಮತ್ತು ಅವನ ಹೆಂಡತಿ ಆರಾಮಾಗಿದ್ದಾರೆ. ಹತ್ತಿರದಲ್ಲೇ ಮನೆ ಮಾಡಿ ವಾರಕ್ಕೊಮ್ಮೆ ಬಂದು ನನ್ನ ಫ್ರಿಜ್ ಖಾಲಿ ಮಾಡಿಕೊಂಡು ಹೋಗುತ್ತಾರೆ. ಜೋಯ್ಲಿನ್ ಶಾಲೆಯಲ್ಲಿ ಸಂಗೀತ ಕಲಿಸುತ್ತಾ, ಶನಿವಾರ ಭಾನುವಾರ ಗೆಳೆಯರ ಬ್ಯಾಂಡಿನಲ್ಲಿ ಹಾಡುತ್ತಾ ವೆಂಬ್ಲಿಯಲ್ಲಿದ್ದಾಳೆ. ಸ್ಟೇಡಿಯಂ ಪಕ್ಕದ ಹೊಸ ಫ್ಲ್ಯಾಟುಗಳಲ್ಲಿ ಒಂದರಲ್ಲಿ ಸ್ಮೃತಿ ಎಂಬ ಬೆಂಗಳೂರಿನ ಹುಡುಗಿಯ ಜೊತೆ. ಸ್ಮೃತಿಗೆ ಬ್ಯಾಂಕೊಂದರಲ್ಲಿ ಕಂಪ್ಯೂಟರ್ ಕೆಲಸ. ನನ್ನ ಮಗಳು ನಾನು ಕನ್ನಡದಲ್ಲಿ ಕೇಳಲಿ, ಕೊಂಕಣಿಯಲ್ಲಿ ಕೇಳಲಿ, ಉತ್ತರ ಕೊಡುವುದು ಇಂಗ್ಲಿಷಿನಲ್ಲಿ. ಈ ಹುಡುಗಿ ಮಾತ್ರ ಬಂದಾಗಲೆಲ್ಲ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ನನ್ನ ಜೊತೆ ಹೊಟ್ಟೆ ತುಂಬ ಕನ್ನಡ ಮಾತಾಡುತ್ತಿದ್ದಳು. ಮೀನು ಕಾಯಿಸುವಾಗ ಕಿಟಕಿ ತೆರೆದು ಮೂಗು ಹೊರಗಿಟ್ಟು ಮಾತು ಮುಂದುವರಿಸುತ್ತಿದ್ದಳು. ಜೋಯ್ಲಿನ್‌ಗೆ ಒಳ್ಳೆಯ ರೂಮ್‌ಮೇಟ್ ಸಿಕ್ಕಿದಳು ಎಂದು ನಾನು ನಿನಗೂ ಬರೆದಿದ್ದೆ.

ಈಗ ಹಾಡಿನ ವಿಷಯಕ್ಕೆ ಬರುತ್ತೇನೆ.

ಮೇ ತಿಂಗಳ ಕೊನೆಗೆ ನಮ್ಮ ಮದುವೆಗೆ ಮೂವತ್ತೈದು ವರ್ಷ ತುಂಬಿತು. ಬೆಂದೂರಿನ ಹಾಲ್‌ನಲ್ಲಿ ಆ ದಿನ ಮದುಮಗ ವೇದಿಕೆಯಿಂದ ಇಳಿದು ಬ್ಯಾಂಡಿನವರ ಮೈಕ್ ಕಸಿದುಕೊಂಡದ್ದು ನೀನು ಮರೆತಿರಲಾರೆ. ನನ್ನ ಪಕ್ಕ ನಿಂತು ತಲೆಯ ಬಿಳಿ ಪರದೆ ಸರಿಮಾಡುತ್ತಿದ್ದವಳು ನೀನೇ. “ಇವನಿಗೆ ಕೆಲಸ ಉಂಟಾ, ಇಲ್ಲ ಬರೇ ಹಾಡುವುದಾ?” ಎಂದು ನನ್ನ ಅಮ್ಮ ಎಲ್ಲರಿಗೂ ಕೇಳುವ ಹಾಗೆ ಕೇಳಿದ್ದರು. ಲೂಯಿಸ್ ಹಾಡಿದ್ದು ‘ವೆನ್ ಶಿ ಟರ್ನ್ಸ್ ದ ಕೀ’. ಮೂಲದಲ್ಲಿ ಅದು ‘ವೆನ್ ಹಿ ಟರ್ನ್ಸ್ ದ ಕೀ’. ಅಮೆರಿಕದ ಎಲ್ಮಾ ಗ್ರೀರ್ ಎಂಬ ಕಪ್ಪು ಹೆಂಗಸು ನಾವು ಹುಟ್ಟಿದ ಕಾಲಕ್ಕೆ ಹಾಡಿದ್ದು. ಇಂಥ ಹಾಡುಗಳಿಗೆ ಸೋಲ್ ಎನ್ನುತ್ತಾರೆ. ಚರ್ಚಿನಲ್ಲಿ ದೇವರಿಗೆ ಹಾಡಿ ಪಳಗಿದ ಗಂಟಲಿನಿಂದ ಮನುಷ್ಯರಿಗೆ ಹಾಡಿದರೆ ಅದು ಸೋಲ್ ಎಂದು ಲೂಯಿಸರ ವ್ಯಾಖ್ಯಾನ. ಹಾಡಿನಲ್ಲಿ ದೊಡ್ಡ ಕತೆಯೇನಿಲ್ಲ. ಒಬ್ಬಳು ದಿನವಿಡೀ ಇನ್ನೊಬ್ಬರ ಮನೆಯಲ್ಲಿ ದುಡಿದು ಬಂದು ಕತ್ತಲಲ್ಲಿ ಸುಮ್ಮನೆ ಕೂತಿದ್ದಾಳೆ. ದೀಪ ಹಾಕಲೂ ಶಕ್ತಿಯಿಲ್ಲ. ಅವನು ಬಾಗಿಲ ಬೀಗದಲ್ಲಿ ಕೀಲಿ ತಿರುಗಿಸುವ ಸದ್ದು ಕೇಳಿದರೆ ಸಾಕು, ಅವಳಿಗೆ ಮತ್ತೆ ಜೀವ ಬರುತ್ತದೆ. ಅಷ್ಟೇ. ಲೂಯಿಸ್ ಆ ‘ಹಿ’ಯನ್ನು ‘ಶಿ’ ಮಾಡಿದರು, ಅವನನ್ನು ಅವಳು ಮಾಡಿದರು, ನನಗೋಸ್ಕರ. ಮುಂದೆ ನಾನು ಇಲ್ಲಿಯ ಆಸ್ಪತ್ರೆಯಲ್ಲಿ ನೈಟ್ ಡ್ಯೂಟಿ ಮುಗಿಸಿ ಬೆಳಗ್ಗೆ ಬಂದಾಗಲೆಲ್ಲ ಇವರು ಮಕ್ಕಳ ಟಿಫಿನ್ ಕಟ್ಟುತ್ತಾ ಅದನ್ನೇ ಗುನುಗುತ್ತಿದ್ದರು. ಜೋಯ್ಲಿನ್ ಹಾಡು ಕಲಿತದ್ದು ಹಾಗೆ, ಬ್ರೆಡ್ಡಿಗೆ ಬೆಣ್ಣೆ ಸವರುವ ಅಪ್ಪನ ಪಕ್ಕದಲ್ಲಿ ನಿಂತು.

ಒಬ್ಬರು ಹಾಡಿದ ಹಾಡನ್ನು ಇನ್ನೊಬ್ಬರು ತಮ್ಮ ರೀತಿಯಲ್ಲಿ ಹಾಡಿದರೆ ಅದಕ್ಕೆ ಕವರ್ ಎನ್ನುತ್ತಾರಂತೆ. ಈ ಹಾಡಿಗೆ ಎಷ್ಟು ಕವರ್ ಬಂದಿದೆಯೋ ಅಷ್ಟನ್ನೂ ಲೂಯಿಸ್ ಕೇಳಿದ್ದಾರೆ, ಒಂದೊಂದಕ್ಕೂ ತೀರ್ಪು ಕೊಟ್ಟಿದ್ದಾರೆ. ಲಂಡನ್ನಿನಲ್ಲೇ ನೆಲೆಸಿದ ಜಮೈಕಾದ ಒಬ್ಬಾತ ರೆಗ್ಗೆ ತಾಳದಲ್ಲಿ ಹಾಡಿದ್ದು ಇವರಿಗೆ ಇಷ್ಟ. “ಇವನ ಹೆಂಡತಿ ನಿಜವಾಗಿಯೂ ತಡವಾಗಿ ಬರ್ತಾಳೆ ಅಂತ ಕೇಳುವಾಗಲೇ ಗೊತ್ತಾಗ್ತದೆ” ಎನ್ನುತ್ತಾರೆ. ಐದು ಜನ ಚಂದದ ಹುಡುಗರು ಕುಣಿಯುತ್ತಾ ಹಾಡಿದ್ದು ಬಂದಾಗ ಜೋಯ್ಲಿನ್ ಇನ್ನೂ ಚಿಕ್ಕವಳು, “ಐವರಿಗೂ ಒಂದೇ ಬಾಗಿಲಾ?” ಎಂದು ಅವಳನ್ನು ರೇಗಿಸಿದ್ದರು. ಈಚೆಗೆ ಕ್ರಿಸ್ಮಸ್ ಜಾಹೀರಾತೊಂದಕ್ಕೆ ಒಬ್ಬ ಹುಡುಗಿ ಪಿಯಾನೋ ಜೊತೆ ಪಿಸುಗುಟ್ಟಿದ್ದಾಳಲ್ಲ, ಅದು ಟಿವಿಯಲ್ಲಿ ಬಂದರೆ ಮಾತ್ರ ಎದ್ದು ಹೋಗುತ್ತಾರೆ. “ಪಾಪ, ಜ್ವರ ಬಂದಿರಬೇಕು. ನೀನು ನರ್ಸ್ ಅಲ್ವಾ, ನೋಡು” ಎಂದು ನನಗೆ ಹೇಳಿ.

ಮೂವತ್ತೈದರ ಸಮಾರಂಭಕ್ಕೆ ಶೇನ್ ಚರ್ಚಿನ ಪ್ಯಾರಿಷ್ ಹಾಲ್ ಗೊತ್ತು ಮಾಡಿದ. ಲೂಯಿಸರ ಆಸೆ ಒಂದೇ, ಆ ಹಾಡು ಆಗಬೇಕು. ತನ್ನಿಂದ ಆಗುವುದಿಲ್ಲವಾದ್ದರಿಂದ ಜೋಯ್ಲಿನ್ ಹಾಡಬೇಕು. ಅವಳು ಅಭ್ಯಾಸಕ್ಕೆ ಮನೆಗೆ ಬಂದಳು. ಅಪ್ಪ ಮಗಳು ಮುಂದಿನ ರೂಮಿನಲ್ಲಿ ಕೀಬೋರ್ಡ್ ಇಟ್ಟುಕೊಂಡು ಕೂತರೆ ನನಗೆ ಅಡುಗೆಮನೆಯಲ್ಲಿ ಹಬ್ಬ. ಇವರು ಬೆರಳಿನಿಂದ ಟೇಬಲ್ ಬಡಿಯುವುದು, ಅವಳು “ಡ್ಯಾಡಿ, ಲೆಟ್ ಮಿ ಬ್ರೀದ್!” ಎನ್ನುವುದು. ಒಮ್ಮೆ ಇವರು ಹೇಳಿದರು: “ನೀನು ಎಲ್ಮಾ ಹಾಡಿದ ಹಾಗೆ ‘ಹಿ’ ಎಂದೇ ಹಾಡು, ಬಾಯೆ, ನನ್ನ ಮಗಳೇ. ನೀನು ಹೆಣ್ಣಲ್ವಾ? ನಿನಗೆ ಮೂಲ ಹಾಡೇ ಸರಿ.”

ಅವಳು ಕೀಬೋರ್ಡಿನಿಂದ ಕೈ ತೆಗೆದಳು. ಆಮೇಲೆ ಅಪರೂಪಕ್ಕೆ ಕೊಂಕಣಿಯಲ್ಲೇ ಹೇಳಿದಳು, “ನಾನು ಎಲ್ಮಾಳಿಂದ ಕಲಿತದ್ದಲ್ಲ ಡ್ಯಾಡಿ. ನಿಮ್ಮಿಂದ ಕಲಿತದ್ದು. ನನ್ನ ಬಾಯಲ್ಲಿ ‘ಶಿ’ ಎಂದೇ ಬರ್ತದೆ.”

ಲೂಯಿಸ್ ಎಷ್ಟು ಖುಷಿಪಟ್ಟರು ಎಂದರೆ ಎದ್ದು ಒಳಗೆ ಬಂದು, “ಕೇಳಿದ್ಯಾ? ನನ್ನ ಹಾಗೆಯೇ ಹಾಡುತ್ತಾಳಂತೆ” ಎಂದು ನನಗೆ ಹೇಳಿ ಹೋದರು. ಮನೆಗೆ ಬಂದವರಿಗೂ ಫೋನ್ ಮಾಡಿದವರಿಗೂ ಅದನ್ನೇ ಹೇಳಿದರು.

ಸಮಾರಂಭ ಶನಿವಾರ ಮಧ್ಯಾಹ್ನ. ಸನ್ನ, ಹಂದಿ ಪದಾರ್ಥ, ಕೋಳಿ ಸುಕ್ಕ, ತರಕಾರಿಯವರಿಗೆ ಬೇರೆ ಮೇಜು. ನಮ್ಮ ಕಡೆಯ ಕುಟುಂಬಗಳೆಲ್ಲ ಬಂದಿದ್ದವು. ರೈಲು ಸ್ಟೇಷನ್ನಿನಲ್ಲಿ ಲೂಯಿಸರ ಜೊತೆ ಕೆಲಸ ಮಾಡುತ್ತಿದ್ದ ಮೈಸೂರಿನ ವಿಶ್ವನಾಥ ಕ್ವೀನ್ಸ್‌ಬರಿಯಿಂದ ಹೆಂಡತಿಯನ್ನು ಕರೆದುಕೊಂಡು ಬಂದಿದ್ದರು. ಸ್ಮೃತಿ ಹಸಿರು ರೇಷ್ಮೆ ಸೀರೆ ಉಟ್ಟು, ಬಂದ ಹೆಂಗಸರಿಗೆಲ್ಲ ಕುರ್ಚಿ ಹಾಕಿ ಕೊಡುತ್ತಾ ಮನೆಮಗಳ ಹಾಗೆ ಓಡಾಡುತ್ತಿದ್ದಳು. ಕೇಕ್ ಆದ ಮೇಲೆ ಜೋಯ್ಲಿನ್ ಮೈಕ್ ತೆಗೆದುಕೊಂಡಳು. “ಇದು ಮಮ್ಮಿ ಡ್ಯಾಡಿಯ ಹಾಡು. ಡ್ಯಾಡಿ ಹಾಡಿದ ಹಾಗೆಯೇ ಹಾಡುತ್ತೇನೆ” ಎಂದಳು ಇಂಗ್ಲಿಷಿನಲ್ಲಿ. ಎಲ್ಲರೂ ಚಪ್ಪಾಳೆ ಹೊಡೆದರು. ಲೂಯಿಸ್ ವೇದಿಕೆಯ ಮೂಲೆಗೆ ಹೋಗಿ ನಿಂತು ಕಾಲಿನಲ್ಲಿ ತಾಳ ಹಾಕತೊಡಗಿದರು.

ಅಂಬುಜಾ, ಅವಳು ಹಾಡಿದ್ದನ್ನು ನಿನಗೆ ಹೇಗೆ ಬರೆಯಲಿ? ನಾನು ಆ ಹಾಡನ್ನು ಕೇಳಿ ಕೇಳಿ ಬೇಸತ್ತವಳು. ಲೂಯಿಸ್ ಹಾಡುವಾಗ ಅದು ಸಂತೋಷದ ಹಾಡು. ಹೆಂಡತಿ ಬರುತ್ತಾಳೆ, ಬಂದೇ ಬರುತ್ತಾಳೆ, ಅದರಲ್ಲಿ ಸಂಶಯವೇ ಇಲ್ಲ. ಇವಳು ಹಾಡುವಾಗ ಕತ್ತಲಲ್ಲಿ ಕೂತವಳ ಭಯ ಮೊದಲ ಸಲ ನನಗೆ ಕೇಳಿಸಿತು. ಬರುತ್ತಾಳೋ ಇಲ್ಲವೋ, ಬಂದರೂ ಯಾರಾದರೂ ಬಾಗಿಲಲ್ಲೇ ತಡೆಯುತ್ತಾರೋ ಎನ್ನುವ ಭಯ. ಮೊದಲ ಸಾಲುಗಳನ್ನು ನಮ್ಮಿಬ್ಬರನ್ನು ನೋಡಿ ಹಾಡಿದಳು. ಕೊನೆಯ ಚರಣಕ್ಕೆ ಬಂದಾಗ ಅವಳ ಕಣ್ಣು ನನ್ನನ್ನು ದಾಟಿ ಹಿಂದೆ ಹೋಯಿತು. ನಾನೂ ತಿರುಗಿ ನೋಡಿದೆ. ಸ್ಮೃತಿ ಗೋಡೆಗೊರಗಿ ನಿಂತಿದ್ದಳು, ಕೈಯಲ್ಲಿ ಯಾರದೋ ಎಂಜಲು ತಟ್ಟೆ, ಕೆನ್ನೆಯ ಮೇಲೆ ನೀರು. ಒರೆಸಿಕೊಳ್ಳುವುದಕ್ಕೆ ಕೈ ಖಾಲಿ ಇರಲಿಲ್ಲ.

ನರ್ಸ್ ಆಗಿ ನಾನು ಜನರ ಮುಖ ಓದಿಯೇ ಬದುಕಿದವಳು. ಆ ಮುಖವನ್ನು ಓದಲು ನನಗೆ ಯಾರ ಸಹಾಯವೂ ಬೇಕಾಗಲಿಲ್ಲ. ಮತ್ತೆ ಈ ಕಡೆ ತಿರುಗಿದಾಗ ಲೂಯಿಸರ ಕಾಲು ತಾಳ ಹಾಕುವುದನ್ನು ನಿಲ್ಲಿಸಿತ್ತು.

ಹಾಲ್‌ನಲ್ಲಿ ಬೇರೆ ಯಾರಿಗೂ ಏನೂ ಗೊತ್ತಾಗಲಿಲ್ಲ. ವಿಶ್ವನಾಥ ಬಂದು ಲೂಯಿಸರ ಬೆನ್ನು ತಟ್ಟಿ, “ಏನ್ರೀ ಲೂಯಿಸ್, ಮಗಳು ಥೇಟ್ ನಿಮ್ ಥರಾನೇ ಹಾಡ್ತಾಳಲ್ರೀ! ಒಂದಕ್ಷರ ಆಚೀಚೆ ಆಗಿಲ್ಲ” ಎಂದರು. ಲೂಯಿಸ್ ನಕ್ಕರು. ಆ ನಗು ನೋಡಲು ನನ್ನಿಂದ ಆಗಲಿಲ್ಲ.

ಅಂದಿನಿಂದ ನಮ್ಮ ಮನೆಯಲ್ಲಿ ಹಾಡು ನಿಂತಿತು. ಇವರು ರೇಡಿಯೋ ಕೂಡ ಹಾಕುವುದಿಲ್ಲ. ಚರ್ಚಿಗೆ ಹೋದರೆ ಕೊನೆಯ ಬೆಂಚು, ಪೂಜೆ ಮುಗಿದ ಕೂಡಲೇ ಯಾರ ಹತ್ತಿರವೂ ನಿಲ್ಲದೆ ಮನೆಗೆ. ನಾನು ಜೋಯ್ಲಿನ್‌ಗೆ ಫೋನ್ ಮಾಡಿದೆ. ಹೇಗೆ ಶುರು ಮಾಡುವುದೆಂದು ತಿಳಿಯದೆ, “ಬಾಯೆ, ಆ ಹಾಡು…” ಎಂದೆ.

“ಯೂ ನೋ, ಡೋಂಟ್ ಯೂ, ಮಮ್ಮಿ?”

“ಗೊತ್ತಾಯಿತು.”

“ಡ್ಯಾಡಿಗೆ?”

“ಅವರಿಗೂ.”

ಆ ಕಡೆ ಅವಳು ಅಳುತ್ತಿದ್ದಾಳೆಂದು ಗೊತ್ತಾಗುತ್ತಿತ್ತು. ಐದು ವರ್ಷದಿಂದ ಸ್ಮೃತಿಯ ಜೊತೆ ಇದ್ದೇನೆ, ಇವಳೇ ನನ್ನ ಬದುಕು ಎಂದಳು. ಸ್ಮೃತಿಯ ಅಮ್ಮ ಶ್ರೀವಿದ್ಯಾರಿಗೆ ಮೊದಲಿಂದಲೂ ತಿಳಿದಿದೆ, ಬಸವನಗುಡಿಯಿಂದ ಫೋನ್ ಮಾಡಿದಾಗ ಮೊದಲು ಜೋಯ್ಲಿನ್ ಊಟ ಮಾಡಿದಳಾ ಎಂದು ಕೇಳುತ್ತಾರಂತೆ. ನಾನು ಏನು ಹೇಳಿದೆ ಗೊತ್ತಾ? “ಸ್ವೆಟರ್ ಹಾಕಿಕೋ, ಗಂಟಲು ಕಟ್ಟಿದ ಹಾಗೆ ಕೇಳ್ತದೆ” ಎಂದೆ. ಅವಳು ಅಳುತ್ತಲೇ ನಕ್ಕಳು. ಫೋನ್ ಇಟ್ಟ ಮೇಲೆ ಚರ್ಚಿಗೆ ಹೋಗಿ ಮೇಣದ ಬತ್ತಿ ಹಚ್ಚಿದೆ. ಏನು ಬೇಡಬೇಕೆಂದು ತಿಳಿಯಲಿಲ್ಲ. ಸುಮ್ಮನೆ ಹಚ್ಚಿ ಬಂದೆ. ದೇವರಿಗೆ ನನ್ನಷ್ಟು ಗೊಂದಲ ಇರಲಾರದು ಎಂದು ಸಮಾಧಾನ ಮಾಡಿಕೊಂಡೆ.

ಲೂಯಿಸರ ಮೌನ ಜೂನ್ ಪೂರ್ತಿ ನಡೆಯಿತು. ಕೊನೆಗೆ ಒಂದು ದಿನ ಬೆಳಗಿನ ಚಹಾ ಕುಡಿಯುವಾಗ, ನಾನೇನೂ ಕೇಳದೆ ಇರುವಾಗಲೇ ಹೇಳಿದರು: “ಅವಳು ನನ್ನ ಹಾಡನ್ನು ತೆಗೆದುಕೊಂಡು ಹೋದಳು ರೋಜ್.” ನಮ್ಮ ಮಾತೆಲ್ಲ ಕೊಂಕಣಿಯಲ್ಲಿ ನಡೆದದ್ದು, ನಿನಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಎಲ್ಲಿಗೆ?” ಎಂದೆ.

“ಅದು ನಾನು ನಿನಗೆ ಹಾಡಿದ್ದು. ಮದುವೆಯ ಹಾಡು ಅದು. ಇನ್ನು ಅದನ್ನು ಕೇಳುವಾಗ ನನಗೆ ಆ ದಿನದ ಹಾಲ್ ಕಾಣ್ತದಾ ಹೇಳು? ಆ ಗೋಡೆ ಹತ್ತಿರ ನಿಂತವಳೇ ಕಾಣ್ತಾಳೆ.”

ನನಗೂ ಒಳಗೆ ಬಹಳ ದಿನದಿಂದ ಕುದಿಯುತ್ತಿತ್ತು. “ನೀವು ಅದನ್ನು ಎಲ್ಲಿಂದ ತಂದದ್ದು?” ಎಂದು ಕೇಳಿದೆ. “ಎಲ್ಮಾ ತನ್ನ ಗಂಡಿಗಾಗಿ ಹಾಡಿದ್ದು. ನಿಮಗೆ ಹೆಂಡತಿಗೆ ಹಾಡಬೇಕಾಗಿತ್ತು, ‘ಹಿ’ ತೆಗೆದು ‘ಶಿ’ ಇಟ್ಟಿರಿ. ಯಾರೂ ನಿಮ್ಮನ್ನು ಕೇಳಲಿಲ್ಲ. ಈ ಹುಡುಗಿ ಒಂದು ಶಬ್ದವನ್ನೂ ಮುಟ್ಟಲಿಲ್ಲ. ನೀವು ಕಲಿಸಿದ್ದನ್ನೇ ಹಾಡಿದಳು.”

“ಅದಕ್ಕೂ ಇದಕ್ಕೂ ಹೋಲಿಸ್ತೀಯಾ?”

“ನನಗೆ ಹೋಲಿಸಲು ಗೊತ್ತಿಲ್ಲ. ಅವಳು ಹಾಡಿದ್ದು ಸುಳ್ಳಾಗಿತ್ತಾ, ಅಷ್ಟು ಹೇಳಿ. ನಿಮಗೆ ಸುಳ್ಳು ಹಾಡು ಕೇಳಿದರೆ ಗೊತ್ತಾಗ್ತದಲ್ವಾ?”

ಇವರು ಕಪ್ ತೆಗೆದುಕೊಂಡು ಹಿತ್ತಲಿಗೆ ಹೋದರು. ಬಹಳ ಹೊತ್ತಿನ ಮೇಲೆ ಬಂದು ಖಾಲಿ ಕಪ್ ಸಿಂಕಿನಲ್ಲಿಟ್ಟು, “ಇಲ್ಲ” ಎಂದರು. “ಸುಳ್ಳಾಗಿದ್ದರೆ ಒಳ್ಳೆಯದಿತ್ತು.”

ಜುಲೈಯ ಒಂದು ಭಾನುವಾರ, ಊಟಕ್ಕೆ ಇನ್ನೂ ಹೊತ್ತಿತ್ತು, ಬೆಲ್ ಆಯಿತು. ತೆಗೆದರೆ ಸ್ಮೃತಿ. ಒಬ್ಬಳೇ. ಕೈಯಲ್ಲಿ ಎರಡು ಪ್ಲಾಸ್ಟಿಕ್ ಚೀಲದೊಳಗೆ ಒಂದು ದೊಡ್ಡ ಹಲಸಿನ ಹಣ್ಣಿನ ತುಂಡು. “ಈಲಿಂಗ್ ರೋಡ್ ಅಂಗಡೀಲಿ ಬಂದಿತ್ತು ಆಂಟಿ. ಅಂಕಲ್‌ಗೆ ಇಷ್ಟ ಅಂತ ಜೋಯ್ಲಿನ್ ಹೇಳ್ತಿರ್ತಾಳಲ್ಲ, ಅದಕ್ಕೆ ತಗೊಂಡ್ಬಂದೆ. ಟ್ಯೂಬ್ ಟ್ರೈನಲ್ಲಿ ಎಲ್ರೂ ನನ್ನೇ ನೋಡ್ತಿದ್ರು. ಪಕ್ಕದಲ್ಲಿ ಕೂತಿದ್ದವರು ಎದ್ದು ಬೇರೆ ಕಡೆ ಹೋದ್ರು” ಎಂದು ನಗಲು ನೋಡಿದಳು. “ನಾನ್ ಬಂದಿರೋದು ಅವಳಿಗೆ ಗೊತ್ತಿಲ್ಲ. ಅಂಕಲ್ ಹತ್ರ ಮಾತಾಡ್ಬೇಕು. ಹೋಗು ಅಂದ್ರೆ ಹೋಗ್ತೀನಿ.”

ಲೂಯಿಸ್ ಒಳಗಿನಿಂದ ಬಂದರು. ಅವಳನ್ನು ನೋಡಿದರು, ಚೀಲವನ್ನು ನೋಡಿದರು. ಮನೆ ತುಂಬ ಆಗಲೇ ಹಲಸಿನ ಪರಿಮಳ. ಚೀಲ ತೆಗೆದುಕೊಂಡು ಹಿತ್ತಲ ಬಾಗಿಲಲ್ಲಿ ಹಳೆಯ ಪೇಪರ್ ಹಾಸಿ, ಕೈಗೆ ಚೂರಿಗೆ ಎಣ್ಣೆ ಹಚ್ಚಿ ಕೂತರು. ಸ್ವಲ್ಪ ಹೊತ್ತಾದ ಮೇಲೆ ಸ್ಮೃತಿಯೂ ಕೈಗೆ ಎಣ್ಣೆ ಹಚ್ಚಿಕೊಂಡು ಎದುರು ಕೂತು ತೊಳೆ ಬಿಡಿಸತೊಡಗಿದಳು. ಅವಳಿಗೆ ಸರಿಯಾಗಿ ಬಿಡಿಸಲು ಬರುವುದಿಲ್ಲ, ಬೆರಳಿಗೆಲ್ಲ ಮೇಣ ಅಂಟಿಸಿಕೊಂಡಳು. ನಾನು ಅಡುಗೆಮನೆಯಲ್ಲಿ ಏನೋ ಮಾಡುವ ಹಾಗೆ ನಿಂತೆ.

“ಅಂಕಲ್, ನಾನು ಸಾರಿ ಕೇಳೋಕೆ ಬಂದಿಲ್ಲ” ಎಂದಳು. ಧ್ವನಿ ಸಣ್ಣದು, ಆದರೆ ದೃಢವಾಗಿತ್ತು. “ತಪ್ಪು ಮಾಡಿದೀವಿ ಅಂತ ನಂಗನ್ಸಲ್ಲ. ಆದ್ರೆ ಅವಳು ಹಾಡೋದನ್ನ ಬಿಟ್ಟಿದಾಳೆ. ಬ್ಯಾಂಡಿನವರಿಗೆ ಗಂಟಲು ಸರಿಯಿಲ್ಲ ಅಂತಾಳೆ. ಸ್ಕೂಲಿಂದ ಬಂದು ಸುಮ್ನೆ ಕೂತಿರ್ತಾಳೆ, ಲೈಟೂ ಹಾಕಲ್ಲ. ನನ್ನಿಂದ ನೋಡೋಕಾಗ್ತಿಲ್ಲ.”

ಲೂಯಿಸರ ಚೂರಿ ನಿಂತಿತು. “ಹಾಡುವುದಿಲ್ವಾ?”

“ಇಲ್ಲ.”

“ಸ್ನಾನ ಮಾಡುವಾಗಲೂ?”

“ಇಲ್ಲ ಅಂಕಲ್.”

ಇವರು ಒಂದು ತೊಳೆ ಬಿಡಿಸಿ ಬೀಜ ತೆಗೆದು ಪಾತ್ರೆಗೆ ಹಾಕಿದರು. ಇನ್ನೊಂದು. ಆಮೇಲೆ ಕೇಳಿದರು, “ನಿನಗೆ ಹಾಡು ಬರ್ತದಾ?”

“ಒಂದು ಸ್ವರಾನೂ ಬರಲ್ಲ. ಅಮ್ಮ ಸೇರಿಸಿದ್ರು, ಮೇಷ್ಟ್ರೇ ಬೇಡ ಅಂದ್ರು.”

“ಮತ್ತೆ ಅವಳು ಮನೆಯಲ್ಲಿ ಹಾಡುವಾಗ ನೀನು ಎಂತ ಮಾಡ್ತಿ?”

“ಕೇಳ್ತೀನಿ.”

“ಬರೇ ಕೇಳುವುದಾ?”

“ಹೂಂ. ಫೋನ್ ಪಕ್ಕಕ್ಕಿಟ್ಟು ಕೇಳ್ತೀನಿ.”

ಲೂಯಿಸ್ ತಲೆ ಎತ್ತಿ ಮೊದಲ ಸಲ ಅವಳ ಮುಖ ನೋಡಿದರು. ನನ್ನ ಕಡೆ ಒಮ್ಮೆ ನೋಡಿದರು. ನಾನು ಪಾತ್ರೆ ತೊಳೆಯುವವಳ ಹಾಗೆ ತಿರುಗಿಕೊಂಡೆ. ಹಿಂದಿನಿಂದ ಇವರ ಸ್ವರ ಕೇಳಿಸಿತು. “ಅವಳಿಗೆ ಹೇಳು, ಎರಡನೇ ಚರಣದಲ್ಲಿ ಅವಸರ ಮಾಡ್ತಾಳೆ. ಅಲ್ಲಿ ನಿಲ್ಲಬೇಕು. ತಪ್ಪನ್ನು ತಿದ್ದುವುದು ಬಿಟ್ಟು ಹಾಡನ್ನೇ ಬಿಡುವುದಾ?”

ಹುಡುಗಿಗೆ ಅರ್ಥವಾಗಲಿಲ್ಲ, ಬೈದರೆಂದು ತಿಳಿದು ತಲೆ ತಗ್ಗಿಸಿದಳು. ನನಗೆ ಅರ್ಥವಾಯಿತು. ನಾನು ಒಳಗೆ ಹೋಗಿ ಸೆರಗಿನಲ್ಲಿ ಮುಖ ಮುಚ್ಚಿ ಅತ್ತೆ. ಆಮೇಲೆ ಬಂದು ಅವಳಿಗೆ ಊಟ ಬಡಿಸಿದೆ. ಮನೆಯಲ್ಲಿ ಮೀನು ಬಿಟ್ಟರೆ ಬೇರೆ ಪದಾರ್ಥ ಇರಲಿಲ್ಲ, ಅವಳು ಮೀನು ತಿನ್ನುವವಳಲ್ಲ. ಅನ್ನ, ಮೊಸರು, ಮಾವಿನ ಉಪ್ಪಿನಕಾಯಿ, ಹಲಸಿನ ತೊಳೆ. ಉಂಡಳು.

ಅದೇ ಸಂಜೆ ಜೋಯ್ಲಿನ್ ಫೋನ್. ನನಗಲ್ಲ, ನೇರವಾಗಿ ಅಪ್ಪನಿಗೆ. “ಡ್ಯಾಡಿ, ಐ ಡೋಂಟ್ ರಶ್!” ಎಂದು ಕಿರುಚಿದ್ದು ನನಗೂ ಕೇಳಿಸಿತು. ಇವರು “ಮಾಡ್ತಿ” ಎಂದರು. ಅವಳು ಅಲ್ಲಿಂದಲೇ ಹಾಡಿ ತೋರಿಸಿದಳು. ಇವರು ಕಣ್ಣು ಮುಚ್ಚಿ ಕೇಳಿ, “ನೋಡು, ಈಗಲೂ ಮಾಡಿದಿ” ಎಂದರು. ಆ ಜಗಳ ಎಷ್ಟೋ ಹೊತ್ತು ನಡೆಯಿತು. ಅಷ್ಟು ಚಂದದ ಜಗಳವನ್ನು ನಾನು ಈ ಮನೆಯಲ್ಲಿ ಕೇಳಿದ್ದಿಲ್ಲ.

ಎಲ್ಲ ಸರಿಹೋಯಿತು ಎಂದು ಬರೆದರೆ ನೀನು ನಂಬಬೇಡ. ಲೂಯಿಸ್ ಇನ್ನೂ ಊರಿನ ತಮ್ಮಂದಿರಿಗೆ ಹೇಳಿಲ್ಲ. ಚರ್ಚಿನಲ್ಲಿ ಯಾರಾದರೂ “ಮಗಳಿಗೆ ಗಂಡು ನೋಡ್ತಾ ಇದ್ದೀರಾ?” ಎಂದು ಕೇಳಿದರೆ ಇವರ ಕಿವಿ ಕೆಂಪಗಾಗುತ್ತದೆ. ಸ್ಮೃತಿಯನ್ನು ಹೆಸರು ಹಿಡಿದು ಕರೆಯಲು ಎರಡು ತಿಂಗಳು ಬೇಕಾಯಿತು. ಅಲ್ಲಿಯ ತನಕ “ಆ ಹಲಸಿನ ಹುಡುಗಿ” ಎನ್ನುತ್ತಿದ್ದರು. ಶೇನ್ ಮಾತ್ರ, “ಮಮ್ಮಿ, ನಿಮಗೆ ಈಗಷ್ಟೇ ಗೊತ್ತಾಗಿದ್ದಾ?” ಎಂದು ಇಂಗ್ಲಿಷಿನಲ್ಲಿ ಕೇಳಿ ಫ್ರಿಜ್ ತೆರೆದ.

ಕಳೆದ ಭಾನುವಾರ ನಾವಿಬ್ಬರೂ ಮೊದಲ ಸಲ ವೆಂಬ್ಲಿಯ ಅವರ ಫ್ಲ್ಯಾಟಿಗೆ ಊಟಕ್ಕೆ ಹೋದೆವು. ಲಿಫ್ಟಿನಲ್ಲಿ ಇವರು ಶರ್ಟಿನ ಕಾಲರ್ ಸರಿಮಾಡಿಕೊಂಡದ್ದೇ ಮಾಡಿಕೊಂಡದ್ದು, ಹೆಣ್ಣು ನೋಡಲು ಹೊರಟವರ ಹಾಗೆ. ಸ್ಮೃತಿ ಬಿಸಿಬೇಳೆ ಬಾತ್ ಮಾಡಿದ್ದಳು. ನನ್ನ ಮಗಳು ಇವರಿಗೋಸ್ಕರ ಕೋಳಿ ಸುಕ್ಕ ಮಾಡಿ ಅರ್ಧ ಕರಟಿಸಿದ್ದಳು. ಊಟವಾದ ಮೇಲೆ ಜೋಯ್ಲಿನ್ ಕೀಬೋರ್ಡ್ ಮುಂದೆ ಕೂತು ಸುಮ್ಮನೆ ಬೆರಳಾಡಿಸುತ್ತಾ ಆ ಹಾಡಿಗೆ ಬಂದಳು. ಎರಡನೇ ಚರಣದಲ್ಲಿ ನಿಲ್ಲಬೇಕಾದಲ್ಲಿ ನಿಂತಳು. ಆ ನಿಂತ ಜಾಗದಲ್ಲಿ ಲೂಯಿಸರ ಸ್ವರ ಬಂತು. ಮೇಲಿನ ಸ್ವರ ಅವರಿಗೆ ಇಲ್ಲವಲ್ಲ, ಕೆಳಗಿನದನ್ನು ಹಿಡಿದರು. ಮಗಳು ಮೇಲೆ, ಅಪ್ಪ ಕೆಳಗೆ. ಇಬ್ಬರ ಬಾಯಲ್ಲೂ ‘ಶಿ’ ಎಂಬ ಅದೇ ಶಬ್ದ. ಇವರು ನನ್ನನ್ನು ನೋಡಿ ಹಾಡಿದರು, ಅವಳು ಸ್ಮೃತಿಯನ್ನು ನೋಡಿ. ನಾವಿಬ್ಬರು, ಹಾಡು ಬಾರದವರು, ಸೋಫಾದ ಮೇಲೆ ಅಕ್ಕಪಕ್ಕ ಕೂತು ಕೇಳಿದೆವು. ಆ ಹುಡುಗಿಯ ಕೈ ತಣ್ಣಗಿತ್ತು. ನನ್ನ ಕೈಯೊಳಗೆ ಇಟ್ಟುಕೊಂಡೆ.

ಈ ಹಾಡನ್ನು ಇದಕ್ಕಿಂತ ಚೆನ್ನಾಗಿ ಹಾಡಿದವರು ಲೋಕದಲ್ಲಿ ಎಷ್ಟೋ ಜನ ಇರಬಹುದು. ಟ್ಯೂಬಿನಲ್ಲಿ ಬರುವಾಗ ಲೂಯಿಸ್ ತೀರ್ಪು ಕೊಟ್ಟರು: “ಎಲ್ಮಾಳ ನಂತರ ಇವಳದ್ದೇ. ನನ್ನದು ಮೂರನೆಯದು.”

ಅಂಬುಜಾ, ಇದು ಆದದ್ದು. ನಿನಗೆ ಬರೆದೆನಲ್ಲ, ಇನ್ನು ನನಗೂ ನಿಜ. ಕ್ರಿಸ್ಮಸ್‌ಗೆ ಕುಸ್ವಾರ್ ತಿಂಡಿಗಳನ್ನು ಮಾಡುವಾಗ ಈ ಸಲ ನಾಲ್ಕು ಕೈ ಹೆಚ್ಚು ಸಿಗುತ್ತದೆ. ನಿನ್ನ ಮೊಣಕಾಲಿಗೆ ಬೇಗ ಬಲ ಬರಲಿ, ನೀನು ಮೊದಲಿನ ಹಾಗೆ ನಡೆದುಕೊಂಡು ಮಲ್ಪೆಯ ತನಕ ಹೋಗುವಂತಾಗಲಿ ಎಂದು ದಿನಾ ನಿನ್ನ ಹೆಸರು ಹೇಳಿ ಬೇಡಿಕೊಳ್ಳುತ್ತೇನೆ. ನಿನ್ನ ಉಡುಪಿ ಕೃಷ್ಣನಿಗೂ ನಮ್ಮ ಮನೆಯ ಈ ನಾಲ್ವರನ್ನು ಸ್ವಲ್ಪ ನೋಡಿಕೊಳ್ಳಲು ಹೇಳು.

ನಿನ್ನ
ರೋಜ್

ಮರೆತದ್ದು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ವೆಂಬ್ಲಿಯಲ್ಲಿ ಪಾತ್ರೆ ಒರೆಸುತ್ತಾ ಜೋಯ್ಲಿನ್ ಒಂದು ಮಾತು ಹೇಳಿದಳು. ಎರಡು ವರ್ಷದ ಹಿಂದೆ ಉಡುಪಿಗೆ ಬಂದು ನಿನ್ನ ಮನೆಯಲ್ಲಿ ಉಳಿದಾಗಲೇ ಅವಳು ನಿನಗೆ ಎಲ್ಲವನ್ನೂ ಹೇಳಿದ್ದಳಂತೆ, ನನಗೆ ತಿಳಿಸಬೇಡಿ ಎಂದು ಕೈ ಹಿಡಿದು ಕೇಳಿಕೊಂಡಿದ್ದಳಂತೆ. ನೀನು ಅವಳ ಗುಟ್ಟು ಕಾಪಾಡಿದ್ದಕ್ಕೆ ನನಗೆ ಸಿಟ್ಟಿಲ್ಲ. ನನ್ನ ಮಗಳಿಗೆ ಅಳಲು ಒಂದು ಮಡಿಲು ಸಿಕ್ಕಿತು, ಅದು ನಿನ್ನದಾಗಿತ್ತು, ದೇವರು ದೊಡ್ಡವನು. ಆದ್ರೆ ಮಾರಾಯ್ತಿ, ಚಿಕ್ಕವಳಿದ್ದಾಗ ಹಲ್ಲು ಅಲುಗಾಡಿದರೂ ಮೊದಲು ನನ್ನ ಹತ್ತಿರ ಓಡಿ ಬರುತ್ತಿದ್ದ ಹುಡುಗಿ ಅವಳು. ನನ್ನಲ್ಲಿ ಏನು ಕಂಡು ಹೆದರಿದಳು? ಅವಳನ್ನು ಕೇಳಲು ನನಗೆ ಧೈರ್ಯವಿಲ್ಲ. ಅದನ್ನು ಅವಳು ನಿನಗೆ ಹೇಳಿದ್ದರೆ ಬರೆ. ನನಗೆ ನೋವಾಗುತ್ತದೆ ಎಂದು ಮೆದು ಮಾಡಿ ಬರೆಯಬೇಡ.